ಗೆದ್ದವರ ಹಿತ್ತಲು

ಡ್ರೆಸಾಜ್ ಅಂದ್ರೆ ಕುದುರೆಯ ನಾಜೂಕು ನಡಿಗೆಗೆ ಅಂಕ ಕೊಡೋ ಆಟ. ಅದರಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಶಾರ್ಲೆಟ್ ಡುಜಾರ್ಡಿನ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹೊಸ್ತಿಲಲ್ಲೇ ಹಿಂದೆ ಸರಿದರು. ತರಬೇತಿಯಲ್ಲಿ ಕುದುರೆಯ ಕಾಲಿಗೆ ಚಾಟಿ ಬೀಸಿದ ಹಳೇ ವಿಡಿಯೊ ಹೊರಬಿದ್ದಿತ್ತು. ಒಂದು ವರ್ಷ ನಿಷೇಧ.

ಇದು ದೂರದ ಮಾತಲ್ರಿ. ನಮ್ಮ ಬೀದರ್, ಔರಾದ್, ಭಾಲ್ಕಿ ಕಡೆ ದೇವಣಿ ಎತ್ತು ಮನೆಮಗ ಇದ್ದಂಗೆ. ಎತ್ತಿನ ಓಟಕ್ಕೆ ಅವಕಾಶ ಕೊಟ್ಟ ರಾಜ್ಯದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಓಟದ ದಿನ ಸಾವಿರ ಕಣ್ಣು, ಪಳಗಿಸುವ ದಿನ?

ಮೂಕಪ್ರಾಣಿ ಕಂಪ್ಲೇಂಟ್ ಕೊಡಲ್ಲ. ಹಾಗಾಗಿ ನೋಡಿದವರದ್ದೇ ಹೊಣೆ. ‘ಅವರ ಎತ್ತು, ಅವರಿಷ್ಟ’ ಅಂತ ಸುಮ್ಮನಿದ್ದವರೇ, ಅದು ಗೆದ್ದಾಗ ‘ನಮ್ಮೂರ ಎತ್ತು’ ಅಂತ ಹಲಗೆ ಬಡೀತಾರೆ. ಗೆಲುವು ಊರದ್ದಾದ್ರೆ ಬಾಸುಂಡೆನೂ ಊರದ್ದೇ.