ಪ್ರಸಾದಕಾಯವೂ ಒಡಲಿನ ಉರಿಯೂ

ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲವನ್ನು ಉಣ್ಣುವವನ ಸ್ಥಲವೆಂದು ಅನೇಕರು ಭಾವಿಸಿರುವರು. ಅದು ಎಚ್ಚರಿಂದ ಉಣ್ಣುವವನ ಸ್ಥಲ. ಒಲೆಯ ಮೇಲಿಂದ ಇಳಿದುದು ಪದಾರ್ಥ. ಇಷ್ಟಲಿಂಗಕ್ಕೆ ಅರ್ಪಿತವಾದ ಮೇಲೆ ಅದೇ ಪ್ರಸಾದ. ಈ ತತ್ತ್ವವನ್ನು ಅರೆಬರೆಯಾಗಿ ಹಿಡಿದ ಗೃಹಸ್ಥರು, "ಅರ್ಪಿಸಿದ ಮೇಲೆ ಪ್ರಸಾದವಲ್ಲವೆ, ಪ್ರಸಾದಕ್ಕೆ ದೋಷವೆಲ್ಲಿಯದು?" ಎಂದು ಕೇಳುತ್ತ, ಮಧುಮೇಹವಿದ್ದರೂ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಳ್ಳುವುದುಂಟು. ಶರಣರು ಅರ್ಪಣೆಯೊಡನೆ ಅವಧಾನವನ್ನೂ ಹೇಳಿದರು. ದೇಹವು ಪ್ರಸಾದಕಾಯವಾದ ಮೇಲೆ ಅದಕ್ಕೆ ಕೆಡುಕಾಗುವುದನ್ನು ತಿಳಿದೂ ತಿಳಿದೂ ಅರ್ಪಿಸುವುದು ಅವಧಾನವೆನಿಸದು.

ಗಾಯವಾದೆಡೆ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುವುದು ಉರಿಯೂತ. ಅದು ದೇಹದ ಕಾವಲು. ಕೆಲಸ ಮುಗಿದೊಡನೆ ತಣಿಯುತ್ತದೆ. ಇನ್ನೊಂದು ಬಗೆಯ ಉರಿಯೂತವು ಹೊರಗೆ ಕಾಣದೆ, ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಒಳಗೇ ಇರುವುದು. ಹೃದ್ರೋಗ, ಮಧುಮೇಹ, ಕೆಲವು ಬಗೆಯ ಕೀಲುರೋಗಗಳೊಡನೆ ಇದಕ್ಕೆ ನಂಟುಂಟೆಂದು ವೈದ್ಯಶಾಸ್ತ್ರವು ಕಂಡುಕೊಂಡಿದೆ. ಹೊಟ್ಟೆಯ ಸುತ್ತಲಿನ ಕೊಬ್ಬು, ತಂಬಾಕು, ನಿದ್ರೆಗೇಡು, ಅತಿಯಾದ ಸಕ್ಕರೆ, ಮೈದಾ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಇವೆಲ್ಲ ಆ ಕೆಂಡಕ್ಕೆ ಗಾಳಿ ಬೀಸುವಂಥವು.

ಚಾಮರಾಜನಗರ, ಗುಂಡ್ಲುಪೇಟೆಗಳ ಭಕ್ತರಿಗೆ ಈ ಮಾತು ಹತ್ತಿರದ್ದು. ಅರಿಸಿನವೇ ಆ ಸೀಮೆಯ ಹೆಸರಾಂತ ಬೆಳೆ. ಮುಂಗಾರಿನ ಮೊದಲಲ್ಲಿ ನೆಟ್ಟ ಗೆಡ್ಡೆಯನ್ನು ಎಂಟೊಂಬತ್ತು ತಿಂಗಳ ಮೇಲೆ ಅಗೆದು, ಬೇಯಿಸಿ, ಒಣಗಿಸಿ, ಉಜ್ಜಿ, ಈರೋಡಿನ ಪೇಟೆಗೆ ಕಳುಹಿಸುವರು. ಉರಿಯೂತವನ್ನು ತಣಿಸುವ ಗುಣವುಳ್ಳುದೆಂದು ಲೋಕವೆಲ್ಲ ಕೊಂಡಾಡುವ ವಸ್ತುವನ್ನು ಬೆಳೆಯುವ ಮನೆಯಲ್ಲೇ ದಿನಕ್ಕೆ ಮೂರು ಲೋಟ ಸಕ್ಕರೆ ಕಾಫಿ, ಬೇಕರಿಯ ಬನ್ನು, ಸಂಜೆಗೆ ಅಂಗಡಿಯ ಬೋಂಡ ನಡೆದಿರುವುದು ವಿಪರ್ಯಾಸ. ಲೋಟಕ್ಕೆ ಎರಡು ಚಮಚೆಯಂತೆ ಮೂರು ಲೋಟದ ಸಕ್ಕರೆಯೇ ಸುಮಾರು 25 ಗ್ರಾಂ ಆಗುವುದು. ದಿನವೊಂದಕ್ಕೆ ಅದಕ್ಕಿಂತ ಕಡಿಮೆಯಿದ್ದರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿತು. ಬನ್ನಿನ ಲೆಕ್ಕ ಬೇರೆ.

ಅರಿಸಿನದ ಮಹಿಮೆಗೂ ಮಿತಿಯುಂಟು. ಅದರ ಸಾರವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಷ್ಟ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಸತ್ತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತದಲ್ಲಿ ಅದರ ಲಭ್ಯತೆ ಸುಮಾರು 20 ಪಟ್ಟು ಹೆಚ್ಚಾಯಿತು. ಮೆಣಸು, ಅರಿಸಿನಗಳನ್ನು ಕೂಡಿಸಿ ಸಾರು ಮಾಡಿದ ಅಜ್ಜಿಯರ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಆ 2 ಗ್ರಾಂ ಬೇಕಾದರೆ ಅರವತ್ತು ಗ್ರಾಂಗೂ ಮೀರಿದ ಪುಡಿ ಬೇಕು. ಯಾವ ಮನೆಯ ಸಾರಿಗೂ ಅಷ್ಟು ಬೀಳದು. ಹಾಗೆಂದು ಗುಳಿಗೆಯ ಮೊರೆ ಹೋದವರಲ್ಲಿ ಕೆಲವರಿಗೆ ಯಕೃತ್ತು ಕೆಟ್ಟ ಪ್ರಸಂಗಗಳೂ ವರದಿಯಾಗಿವೆ. ಕೀಲುರೋಗಕ್ಕೆ ವೈದ್ಯರಿತ್ತ ಔಷಧವನ್ನು ಬಿಟ್ಟು ಅರಿಸಿನದ ಹಾಲನ್ನೇ ನೆಚ್ಚಿ ಕುಳಿತವರ ಕೀಲುಗಳು ಸರಿಪಡಿಸಲಾಗದಷ್ಟು ಸವೆಯಬಹುದು.

ಗುಣವಿರುವುದು ಇಡೀ ಎಡೆಯಲ್ಲಿ. ರಾಗಿಮುದ್ದೆ, ಹುರುಳಿಯದೋ ಅವರೆಯದೋ ಬಸ್ಸಾರು, ಬಸಿದ ಸೊಪ್ಪಿನ ಪಲ್ಯ, ಮಜ್ಜಿಗೆ: ಆ ಸೀಮೆಯ ಹಳೆಯ ಊಟದಲ್ಲಿ ನಾರು, ಬೇಳೆ, ಸೊಪ್ಪು ಎಲ್ಲವೂ ಇದ್ದುವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಸೂಚಿಯಲ್ಲಿ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲೆಂದಿದೆ. ಬಸ್ಸಾರಿನ ಎಡೆಯಲ್ಲಿ ಮುದ್ದೆಯನ್ನು ಕಿರಿದು ಮಾಡಿ ಪಲ್ಯವನ್ನು ಹಿರಿದು ಮಾಡಿದರೆ ಆ ಲೆಕ್ಕ ಸರಿಹೋಗುವುದು. ರಾಗಿಯೆಂದು ಎರಡು ದಪ್ಪ ಮುದ್ದೆ ನುಂಗಿದರೆ ಸಕ್ಕರೆ ಕಾಯಿಲೆಯವರಿಗೆ ಅದೂ ಏರುಪೇರೇ.

ಇಲ್ಲಿ ಮನೆಯೊಡತಿಯ ಮಾತನ್ನು ಆಡಲೇಬೇಕು. ಪ್ರಸಾದವನ್ನು ಚೆಲ್ಲಬಾರದೆಂಬ ನಿಯಮ ದೊಡ್ಡದು. ಆದರೆ ಅದರ ಭಾರವೆಲ್ಲ ಕಡೆಯಲ್ಲಿ ಉಣ್ಣುವ ಹೆಂಗಸಿನ ಮೇಲೆ ಬೀಳುತ್ತಿದೆ. ಎಲ್ಲರಿಗೂ ಬಡಿಸಿ, ಪಲ್ಯ ತೀರಿದ ಮೇಲೆ, ಉಳಿದ ಅನ್ನವನ್ನು ಕೆಡಿಸಬಾರದೆಂದು ತಾನೇ ಉಂಡು, ಮಂಡಿ ಹಿಡಿದುಕೊಂಡು ಏಳುವ ತಾಯಂದಿರು ಎಷ್ಟು ಮಂದಿಯಿಲ್ಲ! ಇದನ್ನು ನಿಷ್ಠೆಯೆಂದು ಹೊಗಳುವುದು ಸುಲಭ. ಅಳೆದು ಅಟ್ಟು, ಮೊದಲು ಕಡಿಮೆ ಬಡಿಸಿಕೊಂಡು, ಬೇಕಾದರೆ ಮತ್ತೆ ಕೇಳಿ, ಆಕೆಯ ಪಾಲಿನ ಪಲ್ಯವನ್ನು ಮೊದಲೇ ಎತ್ತಿಟ್ಟರೆ ನಿಯಮವೂ ಉಳಿಯುವುದು, ಆಕೆಯ ಒಡಲೂ ಉಳಿಯುವುದು. ದಾಸೋಹದ ಪಂಕ್ತಿಯಲ್ಲಿ ಬೇಡವೆಂದವರ ಎಲೆಗೆ ಬಲವಂತದಿಂದ ಸುರಿಯುವವರೂ ಕೈ ಹಿಡಿಯಬೇಕು.

ಪೇಟೆಯ ಬಿಡಿ ಪುಡಿಗೆ ಬಣ್ಣ ಬರಲೆಂದು ಸೀಸದ ಕ್ರೋಮೇಟನ್ನು ಬೆರೆಸುವ ವಂಚನೆಯೂ ಪತ್ತೆಯಾಗಿರುವುದರಿಂದ, ಈರೋಡಿಗೆ ಹೊರಡುವ ಮೂಟೆಗಳ ಬಾಯಿ ಹೊಲಿಯುವ ಮುನ್ನ ವರ್ಷದ ಅಡಿಗೆಗೆ ಸಾಲುವಷ್ಟು ಕೊಂಬುಗಳನ್ನು ಬೆಳೆಗಾರರು ಮನೆಗೆ ತೆಗೆದಿರಿಸಿಕೊಳ್ಳಲಿ. ಬೆಳೆಯಿಲ್ಲದ ನೆಂಟರಿಗೂ ಒಂದೆರಡು ಹಿಡಿ ಕೊಡಲಿ.