ದೋಷಕ್ಕೆ ಆಶ್ರಯ ಯಾವುದು?

ಅವಿದ್ಯೆಯೇ ಎಲ್ಲ ಭ್ರಮೆಗೂ ಮೂಲ ಎಂದ ಅದ್ವೈತಿಗಳಿಗೆ ರಾಮಾನುಜರು ಒಂದು ನೇರ ಪ್ರಶ್ನೆ ಹಾಕಿದರು: ಆ ಅವಿದ್ಯೆ ಇರುವುದಾದರೂ ಎಲ್ಲಿ? ಜೀವನಲ್ಲೋ, ಬ್ರಹ್ಮದಲ್ಲೋ? ಶ್ರೀಭಾಷ್ಯದಲ್ಲಿ ಅವರು ಎತ್ತಿದ ಏಳು ಆಕ್ಷೇಪಗಳಲ್ಲಿ ಮೊದಲನೆಯದಾದ ಆಶ್ರಯಾನುಪಪತ್ತಿ ಇದೇ. ದೋಷವಿದೆ ಎನ್ನುವವರು ಅದರ ನೆಲೆಯನ್ನೂ ತೋರಿಸಬೇಕು ಎಂಬುದು ಅವರ ಪಟ್ಟು.

ಒಂಬೈನೂರು ವರ್ಷ ಹಳೆಯ ಈ ಪ್ರಶ್ನೆ ಇಂದು ವೆಬ್ ಪ್ರೋಗ್ರಾಂ ಬರೆಯುವವರ ಮುಂದೆ ದಿನವೂ ಬರುತ್ತದೆ. ಯಾರೋ ಆನ್‌ಲೈನ್ ಫಾರಂ ತುಂಬುತ್ತಾರೆ. ಮಾಹಿತಿ ಸರಿಯಿಲ್ಲ ಎಂಬ ಕೆಂಪು ಸಾಲು ಮೂಡುತ್ತದೆ. ಸರಿಯಿಲ್ಲದ್ದು ಯಾವುದು? ತುಂಬಿದ ಮನುಷ್ಯನೋ, ತುಂಬಿದ ಅಂಕಿಯೋ, ಅದನ್ನು ಅಳೆದ ನಿಯಮವೋ?

ಆಸ್ಟ್ರೇಲಿಯಾದ ಪೋಸ್ಟ್‌ಕೋಡ್ ತೆಗೆದುಕೊಳ್ಳಿ. ಅದು ನಾಲ್ಕಂಕಿಯದು. ಸಿಡ್ನಿ ನಗರದ ನಡುಭಾಗಕ್ಕೆ 2000, ಮೆಲ್ಬರ್ನ್‌ಗೆ 3000. ಈ ಎರಡು ಊರುಗಳಲ್ಲಿ ಕುಳಿತು ಪ್ರೋಗ್ರಾಂ ಬರೆಯುವವರು ‘ವಿಳಾಸ’ ಎಂಬ ಕ್ಲಾಸಿನಲ್ಲಿ ಪೋಸ್ಟ್‌ಕೋಡನ್ನು ಪೂರ್ಣಾಂಕ ಎಂದು ಬರೆದರೆ ಅಕ್ಕಪಕ್ಕದವರಿಗೆಲ್ಲ ಅದು ಸರಿಯಾಗಿಯೇ ನಡೆಯುತ್ತದೆ. ಆದರೆ ಡಾರ್ವಿನ್ ನಗರದ ಕೋಡ್ 0800. ಅಲ್ಲಿಯವರು ಸರಿಯಾಗಿಯೇ ಟೈಪ್ ಮಾಡುತ್ತಾರೆ, ಪೂರ್ಣಾಂಕಕ್ಕೆ ಮುಂದಿನ ಸೊನ್ನೆ ಲೆಕ್ಕಕ್ಕಿಲ್ಲ, ಒಳಗೆ 800 ಮಾತ್ರ ಉಳಿಯುತ್ತದೆ. ಮರುಕ್ಷಣ ಇನ್ನೊಂದು ಸಾಲು ‘ನಾಲ್ಕಂಕಿ ಇರಬೇಕು’ ಎಂದು ಅವರನ್ನೇ ತಿದ್ದುತ್ತದೆ. ಸೊನ್ನೆ ನುಂಗಿದ್ದು ಪ್ರೋಗ್ರಾಂ, ಮಾತು ಕೇಳಬೇಕಾದವರು ಫಾರಂ ತುಂಬಿದವರು.

ಕನ್ನಡದ ಮನೆಗಳಿಗೂ ಇದರ ಪರಿಚಯ ಉಂಟು. ಊರಿನ ಹೆಸರಿಗೊಂದು, ಅಪ್ಪನ ಹೆಸರಿಗೊಂದು ಇನಿಷಿಯಲ್, ಕೊನೆಯಲ್ಲಿ ತನ್ನದೇ ಹೆಸರು — ಹಳೆ ಮೈಸೂರಿನ ಕಡೆ ಹೆಸರಿಡುವ ಕ್ರಮವೇ ಇದು. ಮನೆತನದ ಹೆಸರು ಎಂಬ ಖಾನೆಯಲ್ಲಿ ಬರೆಯಲು ಅವರ ಬಳಿ ಏನೂ ಇಲ್ಲ. ಕನಿಷ್ಠ ಎರಡಕ್ಷರ ಕಡ್ಡಾಯ ಎಂಬ ಫಾರಂ ಎದುರಾದರೆ ಕೆಲವರು ಅಪ್ಪನ ಹೆಸರನ್ನು ಬಿಡಿಸಿ ಬರೆಯುತ್ತಾರೆ, ಕೆಲವರು ತಮ್ಮ ಹೆಸರನ್ನೇ ಎರಡು ಸಲ. ಆಗ ಪರೀಕ್ಷೆ ಪಾಸಾಗುತ್ತದೆ, ಮಾಹಿತಿ ಸುಳ್ಳಾಗುತ್ತದೆ. ಇಲ್ಲದಿರುವುದೂ ಒಂದು ಪದಾರ್ಥ ಎಂದು ವೈಶೇಷಿಕರು ಅಭಾವಕ್ಕೆ ಪಟ್ಟಿಯಲ್ಲಿ ಜಾಗ ಕೊಟ್ಟರು. ಈ ಖಾನೆ ಕೊಡುವುದಿಲ್ಲ. ಕೊಡಲಾಗದು ಎಂದೇನಿಲ್ಲ. ಆಸ್ಟ್ರೇಲಿಯಾದ ಜನಗಣತಿಯಲ್ಲಿ ಧರ್ಮದ ಪ್ರಶ್ನೆಗೆ ಉತ್ತರಿಸಲೇಬೇಕೆಂಬ ಕಡ್ಡಾಯವಿಲ್ಲ. ‘ಧರ್ಮವಿಲ್ಲ’ ಎಂದವರನ್ನೂ ಏನೂ ಹೇಳದವರನ್ನೂ ಅದರ ಕೋಷ್ಟಕಗಳು ಬೇರೆಬೇರೆ ಸಾಲಿನಲ್ಲಿ ಎಣಿಸುತ್ತವೆ. ಅಲ್ಲಿ ಖಾಲಿ ಬಿಡುವುದು ತಪ್ಪಲ್ಲ.

ನೆಲೆ ತಪ್ಪಿದ ದೋಷ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಆಸ್ಟ್ರೇಲಿಯಾ ಕಣ್ಣಾರೆ ಕಂಡಿದೆ. ಸರ್ಕಾರಿ ನೆರವು ಪಡೆಯುವವರು ತಮ್ಮ ಗಳಿಕೆಯನ್ನು ಎರಡು ವಾರಕ್ಕೊಮ್ಮೆ ನೆರವು ಹಂಚುವ ಸಂಸ್ಥೆಯಾದ ಸೆಂಟರ್‌ಲಿಂಕ್‌ಗೆ ತಿಳಿಸಬೇಕು. ತೆರಿಗೆ ಇಲಾಖೆಯ ಬಳಿ ಆಗ ಇದ್ದದ್ದು ವರ್ಷದ ಮೊತ್ತ. 2016ರಲ್ಲಿ ಈ ಎರಡನ್ನೂ ತಾಳೆ ನೋಡುವ ಕೆಲಸವನ್ನು ಯಂತ್ರಕ್ಕೆ ವಹಿಸಲಾಯಿತು. ವರ್ಷದ ಮೊತ್ತವನ್ನು 26ರಿಂದ ಭಾಗಿಸು, ಬಂದದ್ದು ನೆರವು ಪಡೆದವರು ಹೇಳಿದ್ದಕ್ಕೆ ಹೊಂದದಿದ್ದರೆ ಅವರು ಸಾಲಗಾರರು. ಜನ ಅದನ್ನು ರೋಬೋಡೆಟ್ ಎಂದು ಕರೆದರು. ಒಬ್ಬಾಕೆ ಮೊದಲ ಆರು ತಿಂಗಳು ದುಡಿದು 13,000 ಡಾಲರ್ ಗಳಿಸಿ, ಮುಂದಿನ ಆರು ತಿಂಗಳು ಕೆಲಸವಿಲ್ಲದೆ ನೆರವು ಪಡೆದಳು ಎನ್ನೋಣ. ಆ ಅವಧಿಯಲ್ಲಿ ಗಳಿಕೆ ಸೊನ್ನೆ ಎಂದು ಆಕೆ ಬರೆದದ್ದು ನಿಜ. ಯಂತ್ರ ಮಾತ್ರ ಎರಡೆರಡು ವಾರಕ್ಕೂ 500 ಡಾಲರ್ ಕಾಣುತ್ತದೆ, ನೆರವಿನ ಹಣ ಹಿಂದಿರುಗಿಸು ಎಂದು ಪತ್ರ ಕಳುಹಿಸುತ್ತದೆ.

ಮೆಲ್ಬರ್ನ್‌ನ ಒಬ್ಬ ಮಹಿಳೆಗೆ ಹೀಗೆಯೇ ಸುಮಾರು 2,700 ಡಾಲರಿನ ಸಾಲ ಹೊರಿಸಿ, ಅವರಿಗೆ ಬರಬೇಕಿದ್ದ ತೆರಿಗೆ ಮರುಪಾವತಿಯನ್ನು ಹಿಡಿದುಕೊಳ್ಳಲಾಯಿತು. ಅವರು ಕೋರ್ಟಿಗೆ ಹೋದ ಮೇಲೆ ಮತ್ತೆ ಲೆಕ್ಕ ಹಾಕಿದರೆ ಬಾಕಿ ಇದ್ದದ್ದು 1 ಡಾಲರ್ 48 ಸೆಂಟ್. 2019ರ ನವೆಂಬರ್ 27ರಂದು ಫೆಡರಲ್ ಕೋರ್ಟ್, ಸರ್ಕಾರದ ಒಪ್ಪಿಗೆಯ ಮೇಲೆಯೇ, ಆ ಸಾಲದ ಬೇಡಿಕೆ ಅಸಿಂಧು ಎಂದಿತು. ಸುಮಾರು 4,33,000 ಜನರ ಮೇಲೆ 176 ಕೋಟಿ ಡಾಲರಿಗೂ ಮೀರಿದ ಸಾಲವನ್ನು ಕಾನೂನುಬಾಹಿರವಾಗಿ ಹೊರಿಸಲಾಗಿತ್ತು ಎಂಬುದು 2021ರ ಸಾಮೂಹಿಕ ಮೊಕದ್ದಮೆಯಲ್ಲಿ ಹೊರಬಂತು. ಸಾಲದ ಪತ್ರ ಬಂದ ಬಳಿಕ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಇದರ ತನಿಖೆ ನಡೆಸಿದ ರಾಯಲ್ ಕಮಿಷನ್ ಮುಂದೆ ನಿಂತು ಸಾಕ್ಷ್ಯ ಹೇಳಿದರು. ಇದನ್ನು ತಾಂತ್ರಿಕ ತೊಡಕು ಎಂದು ಕರೆದು ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ.

ಇಲ್ಲಿ ಭ್ರಮೆ ಹುಟ್ಟಿದ್ದು ಹೇಗೆ? ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಕಾಣುವ ಪ್ರಸಂಗವನ್ನು ಹಿಡಿದು ನಮ್ಮ ದಾರ್ಶನಿಕರು ಶತಮಾನಗಟ್ಟಲೆ ವಾದಿಸಿದ್ದಾರೆ. ಬೇರೆಲ್ಲೋ ಇರುವ ಬೆಳ್ಳಿ ಇಲ್ಲಿ ತೋರುತ್ತದೆ ಎಂದರು ನೈಯಾಯಿಕರು. ಇಲ್ಲವೇ ಇಲ್ಲದ ಬೆಳ್ಳಿ ಇದೆಯೆಂದು ತೋರುತ್ತದೆ ಎಂದರು ಉಡುಪಿಯ ಮಧ್ವರ ಪರಂಪರೆಯವರು. ಮೀಮಾಂಸಕ ಪ್ರಭಾಕರನ ಉತ್ತರ ಬೇರೆ. ಎದುರಿಗೇನೋ ಹೊಳೆಯುತ್ತಿದೆ ಎಂಬುದು ನಿಜವಾದ ಅರಿವು. ಬೆಳ್ಳಿಯ ನೆನಪೂ ಸುಳ್ಳಲ್ಲ. ಎರಡರ ನಡುವಿನ ವ್ಯತ್ಯಾಸ ಹೊಳೆಯದೆ ಹೋದದ್ದೇ ಭ್ರಮೆ. ರೋಬೋಡೆಟ್‌ಗೆ ಇದಕ್ಕಿಂತ ಹತ್ತಿರದ ವಿವರಣೆ ಸಿಗುವುದು ಕಷ್ಟ. ತೆರಿಗೆ ಇಲಾಖೆಯ ಮೊತ್ತ ನಿಜ, ನೆರವು ಪಡೆದಾಕೆ ಕೊಟ್ಟ ಲೆಕ್ಕವೂ ನಿಜ. ಒಂದು ವರ್ಷದ್ದು, ಇನ್ನೊಂದು ಎರಡು ವಾರದ್ದು ಎಂಬ ಭೇದವನ್ನು ಅಳಿಸಿದ ಕಡೆ ಸಾಲ ಹುಟ್ಟಿತು. ಮುಖ್ಯವಾಗಿ, ಈ ವಾದಿಗಳಲ್ಲಿ ಒಬ್ಬರೂ ಚಿಪ್ಪನ್ನು ದೂರಲಿಲ್ಲ. ಕಣ್ಣಿನ ಪೊರೆ, ಮಂದ ಬೆಳಕು, ದೂರ, ನೆನಪು ಎಂದು ದೋಷಕ್ಕೆ ಹೆಸರು, ಜಾಗ ಎರಡನ್ನೂ ಗುರುತಿಸಿದರು.

ಇನ್ನೊಂದು ವಾದ ಪ್ರಾಮಾಣ್ಯದ್ದು: ಅರಿವು ನಿಜವೆಂದು ಗೊತ್ತಾಗುವುದು ಯಾವುದರಿಂದ? ವಿಜಯನಗರ ಕಾಲದ ಸರ್ವದರ್ಶನಸಂಗ್ರಹ ಈ ಪ್ರಶ್ನೆಯ ಮೇಲಿನ ಮತಗಳನ್ನು ಜೋಡಿಸಿಡುತ್ತದೆ. ಅರಿವು ತಾನಾಗಿಯೇ ಪ್ರಮಾಣ, ಅದನ್ನು ಅಪ್ರಮಾಣವೆನ್ನಲು ಹೊರಗಿನ ಕಾರಣ ಬೇಕು ಎನ್ನುವುದು ಮೀಮಾಂಸಕರ ಮತ. ಪ್ರಾಮಾಣ್ಯಕ್ಕೂ ಅಪ್ರಾಮಾಣ್ಯಕ್ಕೂ ಹೊರಗಿನ ಆಧಾರ ಬೇಕು ಎನ್ನುವುದು ನೈಯಾಯಿಕರದು. ಪೋಸ್ಟ್‌ಕೋಡನ್ನು ನೈಯಾಯಿಕರ ಹಾಗೆ ಪರೀಕ್ಷಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಬಡವರು ಬರೆದುಕೊಟ್ಟ ಲೆಕ್ಕವನ್ನು ಮೀಮಾಂಸಕರ ಹಾಗೆಯೇ ನೋಡಬೇಕು: ಬಾಧಕ ಸಿಗುವವರೆಗೆ ಅದು ನಿಜ, ಬಾಧಕ ತೋರಿಸುವ ಹೊಣೆ ಅಲ್ಲಗಳೆಯುವವರದು. ರೋಬೋಡೆಟ್ ಆ ಹೊಣೆಯನ್ನು ತಿರುಗಿಸಿ, ವರ್ಷಗಳ ಹಿಂದಿನ ಸಂಬಳದ ಚೀಟಿ ತನ್ನಿ ಎಂದು ಜನರನ್ನು ಅಲೆಸಿತು.

ಹಾಗಾದರೆ ಪ್ರೋಗ್ರಾಂನಲ್ಲಿ ದೋಷಕ್ಕೆ ಯಾವ ರೂಪ ಕೊಡಬೇಕು? ಹಳೆಯ ರೂಢಿ ಎಕ್ಸೆಪ್ಶನ್. ಮೊದಲ ತಪ್ಪು ಕಂಡೊಡನೆ ಕೆಲಸ ನಿಲ್ಲುತ್ತದೆ. ಉಳಿದ ತಪ್ಪುಗಳು ಒಂದೊಂದಾಗಿ, ಮತ್ತೆ ಮತ್ತೆ ಕಳುಹಿಸಿದ ಮೇಲೆ ತಿಳಿಯುತ್ತವೆ. 2014ರಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಇದರ ಬದಲು ತಪ್ಪುಗಳನ್ನೆಲ್ಲ ಒಂದು ಆಬ್ಜೆಕ್ಟಿನಲ್ಲಿ ಕೂಡಿಸಿ ಹಿಂದಿರುಗಿಸುವ ನೋಟಿಫಿಕೇಶನ್ ಕ್ರಮವನ್ನು ವಿವರಿಸಿದರು. ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಆದರೆ ಅರ್ಧ ತುಂಬಿದ ಫಾರಂ ಕೂಡ ಒಂದು ವಸ್ತು, ಅದರ ದೋಷವೂ ಒಂದು ವಸ್ತು, ಎರಡೂ ಬೇರೆ ಎಂಬ ಒಪ್ಪಿಗೆ ಅದರಲ್ಲಿದೆ.

ಮಾರ್ಕ್ ನಾಟಿಂಗ್‌ಹ್ಯಾಮ್ ಮತ್ತು ಎರಿಕ್ ವಿಲ್ಡ 2016ರಲ್ಲಿ ಬರೆದ ಆರ್‌ಎಫ್‌ಸಿ 7807 ಎಂಬ ಇಂಟರ್ನೆಟ್ ಶಿಷ್ಟತೆ ಈ ವಸ್ತುವಿಗೆ ಅಂಗಾಂಗ ಕೊಟ್ಟಿತು. 2023ರಲ್ಲಿ ಆರ್‌ಎಫ್‌ಸಿ 9457 ಅದರ ಜಾಗಕ್ಕೆ ಬಂತು. ದೋಷದ ಬಗೆ, ಶೀರ್ಷಿಕೆ, ವಿವರ, ಸ್ಥಿತಿಸಂಖ್ಯೆ — ಒಂದೊಂದಕ್ಕೂ ಒಂದು ಖಾನೆ. ಅದು ಕೊಡುವ ಒಂದು ಉದಾಹರಣೆಯಲ್ಲಿ ಸ್ಥಿತಿಸಂಖ್ಯೆ 422, ಎರಡು ದೋಷಗಳ ಪಟ್ಟಿ, ಪ್ರತಿಯೊಂದಕ್ಕೂ ‘ಪಾಯಿಂಟರ್’: ಒಂದು ವಯಸ್ಸಿನ ಖಾನೆಯನ್ನು ತೋರಿಸುತ್ತದೆ, ಇನ್ನೊಂದು ಬಣ್ಣದ ಖಾನೆಯನ್ನು. ರಾಮಾನುಜರು ಕೇಳಿದ ಆಶ್ರಯಕ್ಕೆ ಇಲ್ಲಿ ಉತ್ತರವಿದೆ. ತುಂಬಿದವರು ಎಂಥವರು ಎಂದು ಬರೆಯಲು ಆ ಶಿಷ್ಟತೆ ಖಾನೆಯನ್ನೇ ಇಟ್ಟಿಲ್ಲ.

ಅರ್ಧ ಉತ್ತರ ಎನ್ನಬೇಕು. ಪಾಯಿಂಟರ್ ತೋರಿಸುವುದು ಅಂಕಿಯನ್ನು, ನಿಯಮವೇ ತಪ್ಪಿದ್ದರೆ? ಅದಕ್ಕಿರುವುದು ‘ಟೈಪ್’ ಎಂಬ ಖಾನೆ. ಅಲ್ಲಿ ಕೊಡುವ ವಿಳಾಸ ತೆರೆದರೆ ಆ ಬಗೆಯ ದೋಷ ಏನೆಂದು ಮನುಷ್ಯರಿಗೆ ಅರ್ಥವಾಗುವ ಬರಹ ಸಿಗಬೇಕು ಎಂಬುದು ಶಿಷ್ಟತೆಯ ಆಶಯ. ರಾಯಲ್ ಕಮಿಷನ್ 2023ರ ಜುಲೈನಲ್ಲಿ ಮಾಡಿದ 57 ಶಿಫಾರಸುಗಳಲ್ಲಿ ಒಂದು ಇದೇ ದಿಕ್ಕಿನದು: ಯಂತ್ರ ತೀರ್ಮಾನಿಸುವ ಕಡೆ ಅದರ ಬಗೆಯನ್ನು ಸರಳ ಮಾತಿನಲ್ಲಿ ತಿಳಿಸಬೇಕು, ನಿಯಮಗಳನ್ನು ಸ್ವತಂತ್ರ ತಜ್ಞರ ಪರೀಕ್ಷೆಗೆ ತೆರೆದಿಡಬೇಕು, ಮರುಪರಿಶೀಲನೆ ಕೇಳುವ ದಾರಿ ಇರಬೇಕು. ‘ಟೈಪ್’ ಬರೆಯದೆ ಬಿಟ್ಟರೆ ಅದನ್ನು ‘ಅಬೌಟ್ ಬ್ಲ್ಯಾಂಕ್’, ಅಂದರೆ ಹೆಚ್ಚಿನ ವಿವರಣೆ ಇಲ್ಲ, ಎಂದು ಓದಿಕೊಳ್ಳಲು ಶಿಷ್ಟತೆ ಅನುಮತಿಸುತ್ತದೆ. ಜನರ ಅನ್ನ, ಬಾಡಿಗೆಯ ಹಣ ತೀರ್ಮಾನವಾಗುವ ಸರ್ಕಾರಿ ಪ್ರೋಗ್ರಾಂಗಳಲ್ಲಿ ಆ ಅನುಮತಿ ಇರಕೂಡದು.