ದಡ ಸೇರದ ಮೀನು ಯಾರದು?

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಹೊರಬಿದ್ದ ಘಟಪ್ರಭೆ ಧೂಪದಾಳದ ಒಡ್ಡು ದಾಟಿ, ಗೋಕಾಕದ ಬಂಡೆಯಂಚಿನಿಂದ ಸುಮಾರು 52 ಮೀಟರ್ ಕೆಳಗೆ ಧುಮುಕಿ, ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಗಳ ಹೊಲಗಳ ಕಡೆಗೆ ಸಾಗುತ್ತದೆ. ಈ ಹೊಳೆಯ ದೊಡ್ಡ ಮೀನೆಂದರೆ ಕಾಟ್ಲಾ, ರೋಹು, ಬಾಳೆಮೀನು. ಆದರೆ ಗಾಳ ಕಚ್ಚಿ, ಎಳೆದಾಡಿ, ದಡ ಇನ್ನೊಂದು ಮಾರು ಇರುವಾಗ ತಪ್ಪಿಸಿಕೊಂಡ ಮೀನು ಹುಟ್ಟಿಸುವ ಸಂಕಟಕ್ಕೆ ಜಾತಿಭೇದವಿಲ್ಲ. ಆಗ ನಮ್ಮ ಕಡೆ ಎರಡು ಮಾತು ಕೇಳುತ್ತವೆ. ಕಳೆದುಕೊಂಡವನು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾನೆ. ಪಕ್ಕದವನು ‘ನಶೀಬದಾಗ ಇದ್ದಿಲ್ಲ, ಬಿಡು’ ಎಂದು ಸಮಾಧಾನ ಹೇಳುತ್ತಾನೆ. ಮೊದಲ ಮಾತಿನ ಪ್ರಕಾರ ಮೀನು ಆಗಲೇ ಅವನದಾಗಿತ್ತು. ಎರಡನೆಯದರ ಪ್ರಕಾರ ಅದು ಎಂದೂ ಅವನದಾಗುವಂತಿರಲಿಲ್ಲ. ಎರಡೂ ಮಾತು ಒಪ್ಪತಕ್ಕವಲ್ಲ ಎಂಬುದು ನನ್ನ ವಾದ. ಮೀನಿನ ಮೇಲಿನ ಹಕ್ಕು ದಡದಲ್ಲಿ ಹುಟ್ಟುತ್ತದೆ. ಅದರ ಹೊಣೆ ಗಾಳ ನೀರಿಗೆ ಬಿದ್ದಾಗಲೇ ಹುಟ್ಟಿರುತ್ತದೆ. ನಾವು ಅಳುವುದು ಇನ್ನೂ ಹುಟ್ಟದ ಹಕ್ಕಿಗಾಗಿ, ಮರೆಯುವುದು ಆಗಲೇ ಹುಟ್ಟಿದ ಹೊಣೆಯನ್ನು.

ನಶೀಬದ ಮಾತನ್ನು ಮೊದಲು ನೋಡೋಣ. ದೊಡ್ಡ ಮೀನು ನಡುನೀರಿಗಿಂತ ದಡದ ಬಳಿಯೇ ಕೈಕೊಡುವುದಕ್ಕೆ ಕಣ್ಣಿಗೆ ಕಾಣುವ ಕಾರಣಗಳಿವೆ. ನೀರಿನಲ್ಲಿರುವ ಮೀನಿನ ಭಾರವನ್ನು ಬಹುಮಟ್ಟಿಗೆ ನೀರೇ ಹೊರುತ್ತದೆ. ಐದು ಕಿಲೋ ತೂಗುವ ಕಾಟ್ಲಾವನ್ನು ದಾರ ಹಿಡಿದು ಮೇಲೆತ್ತಿದೊಡನೆ ಅಷ್ಟೂ ಭಾರ, ಜೊತೆಗೆ ಅದು ಕೊಸರುವ ಜಗ್ಗು, ಒಂದು ಗಂಟಿನ ಮೇಲೆ ಬೀಳುತ್ತದೆ. ಉದ್ದಕ್ಕೆ ಬಿಟ್ಟ ನೈಲಾನ್ ದಾರ ಹಿಗ್ಗಿ ಆ ಜಗ್ಗನ್ನು ನುಂಗಿಕೊಳ್ಳುತ್ತದೆ. ದಡದ ಬಳಿ ಉಳಿದಿರುವ ಗಿಡ್ಡ ದಾರಕ್ಕೆ ಹಿಗ್ಗಲು ಜಾಗವಿರುವುದಿಲ್ಲ. ಇಷ್ಟು ಹೊತ್ತಿನ ಎಳೆದಾಟದಲ್ಲಿ ಗಾಳ ಚುಚ್ಚಿದ ತೂತು ಅಗಲವಾಗಿರುತ್ತದೆ, ದಾರ ಒಂದು ಕ್ಷಣ ಸಡಿಲಾದರೂ ಗಾಳ ಕಳಚುತ್ತದೆ. ಒಣಗಿದ ದಾರವನ್ನು ಹಾಗೆಯೇ ಬಿಗಿದು ಗಂಟು ಹಾಕಿದರೆ ತಿಕ್ಕಾಟದ ಬಿಸಿಗೆ ನೈಲಾನ್ ಅಲ್ಲಿಯೇ ದುರ್ಬಲವಾಗುತ್ತದೆ. ಅನುಭವಿಗಳು ಗಂಟನ್ನು ಎಂಜಲಲ್ಲಿ ನೆನೆಸಿ ಬಿಗಿಯುವುದು ಅದಕ್ಕೇ. ಇವೆಲ್ಲ ಗೊತ್ತಿದ್ದೂ ಹಣೆಬರಹವನ್ನು ಎಳೆದು ತರುವುದು ಭಕ್ತಿ ಅನಿಸಿಕೊಳ್ಳುವುದಿಲ್ಲ. ಕೈಯ ಕೆಲಸದ ಲೆಕ್ಕವನ್ನು ದೇವರ ಖಾತೆಗೆ ಬರೆದು ಕೈತೊಳೆದುಕೊಂಡಂತಾಗುತ್ತದೆ. ವಿಧಿಯನ್ನು ನಂಬುವವನೂ ಅದು ಗಂಟಿನ ಮೂಲಕವೇ ಕೆಲಸ ಮಾಡಿತು ಎಂದು ಒಪ್ಪಬೇಕಾಗುತ್ತದೆ. ಗಂಟು ಹಾಕಿದ ಬೆರಳು ಆಗಲೂ ಮರೆಯಾಗುವುದಿಲ್ಲ.

ಹಕ್ಕಿನ ಮಾತು ಇದಕ್ಕಿಂತ ಗಟ್ಟಿಯಾದದ್ದು, ಅದರ ಬೆನ್ನಿಗೆ ಶಾಸ್ತ್ರವೂ ಇದೆ. ಕಾಡು ಕಡಿದು ಹಸನು ಮಾಡಿದವನಿಗೆ ಹೊಲ, ಮೊದಲು ಬಾಣ ನೆಟ್ಟವನಿಗೆ ಜಿಂಕೆ ಎಂಬುದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ನ್ಯಾಯ. ಅದನ್ನು ಹೊಳೆಗೆ ತಂದರೆ ಗಾಳ ನೆಟ್ಟವನಿಗೇ ಮೀನು. ರೋಮನ್ನರ ಕಾನೂನು ಇದಕ್ಕೆ ಎದುರು ನಿಲ್ಲುತ್ತದೆ. ಆರನೆಯ ಶತಮಾನದ ಜಸ್ಟಿನಿಯನ್ ಸಂಹಿತೆಯ ಪ್ರಕಾರ ಗಾಯಗೊಂಡ ಕಾಡುಪ್ರಾಣಿ ಹಿಡಿದ ಮೇಲಷ್ಟೇ ಬೇಟೆಗಾರನದು, ಏಕೆಂದರೆ ನಡುವೆ ಏನೂ ಆಗಬಹುದು. 1844ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೂ ಈ ದಾರಿಯನ್ನೇ ಹಿಡಿಯಿತು. ಕಾರ್ನ್‌ವಾಲ್ ಕಡಲಲ್ಲಿ ಯಂಗ್ ಎಂಬವನ ಬಲೆ ಮೀನಿನ ಹಿಂಡನ್ನು ಬಹುತೇಕ ಸುತ್ತುವರಿದಿತ್ತು, ಸ್ವಲ್ಪವೇ ತೆರವು ಉಳಿದಿತ್ತು. ಹಿಚೆನ್ಸ್ ಎಂಬವನು ಆ ತೆರವಿನಲ್ಲಿ ದೋಣಿ ನುಗ್ಗಿಸಿ ಮೀನು ಹಿಡಿದುಕೊಂಡ. ಬಲೆ ಪೂರ್ತಿ ಮುಚ್ಚುವವರೆಗೆ ಮೀನು ಯಂಗ್‌ನ ವಶದಲ್ಲಿರಲಿಲ್ಲ ಎಂದಿತು ನ್ಯಾಯಾಲಯ. ಶ್ರಮಕ್ಕೆ ಬೆಲೆಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು, ಮನುವಿನ ಪರವಾದ ಬಲವಾದ ಪ್ರಶ್ನೆಯೂ ಅದೇ. ಆದರೆ ಮೊದಲ ಬಾಣದ ನ್ಯಾಯ ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ನಮ್ಮ ಪುರಾಣವೇ ತೋರಿಸಿದೆ. ಇಂದ್ರಕೀಲದಲ್ಲಿ ಒಂದೇ ಹಂದಿಗೆ ಅರ್ಜುನನ ಬಾಣವೂ ಕಿರಾತನ ಬಾಣವೂ ನೆಟ್ಟವು. 634ರ ಐಹೊಳೆ ಶಾಸನ ಹೆಸರಿಸುವ ಭಾರವಿ ಈ ಜಗಳವನ್ನೇ ಮಹಾಕಾವ್ಯ ಮಾಡಿದ, 941ರ ಹೊತ್ತಿಗೆ ಪಂಪ ಅದನ್ನು ಕನ್ನಡಕ್ಕೆ ತಂದ. ನನ್ನದು ತನ್ನದು ಎಂದು ಹೊಡೆದಾಡಿ ಸೋತ ಅರ್ಜುನನಿಗೆ ಎದುರಿಗಿದ್ದವನು ಶಿವನೆಂದು ತಿಳಿಯಿತು, ಪಾಶುಪತ ದೊರೆಯಿತು. ಹಂದಿಯನ್ನು ಹೊತ್ತು ಮನೆಗೆ ಹೋದವರು ಮಾತ್ರ ಯಾರೂ ಇಲ್ಲ. ಹಕ್ಕಿನ ವಾದ ಎಲ್ಲಿಂದ ಶುರುವಾಯಿತೋ ಆ ಪ್ರಾಣಿಯೇ ಕತೆಯ ಕೊನೆಗೆ ಯಾರಿಗೂ ಬೇಡವಾಯಿತು.

ಹಿಡಕಲ್ಲಿನ ನೀರು ಈ ವಿಷಯವನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. 51 ಟಿಎಂಸಿ ಸಾಮರ್ಥ್ಯದ ಈ ಜಲಾಶಯಕ್ಕೆ ರಾಜಾ ಲಖಮಗೌಡರ ಹೆಸರಿದೆ. ಇಂಥ ಜಲಾಶಯಗಳಿಗೆ ಮೀನುಮರಿ ಬಿಡುವುದು, ಹಿಡಿಯುವ ಪರವಾನಗಿ ಕೊಡುವುದು ಸರ್ಕಾರದ ವ್ಯವಸ್ಥೆ. ಹಾಗಾಗಿ ಅಲ್ಲಿನ ಕಾಟ್ಲಾಕ್ಕೆ ಕಾಗದದ ಮೇಲೆ ಯಜಮಾನರಿದ್ದಾರೆ. ಮಳೆಗಾಲದಲ್ಲಿ ಗೇಟು ತೆರೆದಾಗ ಅದೇ ಕಾಟ್ಲಾ ನೀರಿನ ಜೊತೆ ಕೆಳಗಿಳಿದರೆ ಹರಿಯುವ ಹೊಳೆಯ ಮೀನಾಗುತ್ತದೆ. ಕಟ್ಟಿದ ಕೆರೆಯ ಮೀನನ್ನೂ ಹರಿಯುವ ಹೊಳೆಯ ಮೀನನ್ನೂ ನಮ್ಮ ನ್ಯಾಯಾಲಯಗಳು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ: ಮೊದಲನೆಯದನ್ನು ಕದಿಯಬಹುದು, ಎರಡನೆಯದು ಹಿಡಿಯುವ ತನಕ ಯಾರ ಸ್ವತ್ತೂ ಅಲ್ಲ. ಗೋಕಾಕದ ಜಲಪಾತದಲ್ಲಿ ಕೆಳಗೆ ಬಿದ್ದ ಮೀನು ಮತ್ತೆ ಮೇಲೇರಿ ಹಳೆಯ ಯಜಮಾನನ ಬಳಿಗೆ ಬರಲಾರದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಬೀದಿಗಳಿಗೇ ನುಗ್ಗಿದಾಗ ಹೊಳೆ ಯಾವುದು, ಹೊಲ ಯಾವುದು ಎಂಬ ಗೆರೆಯೇ ಅಳಿಸಿತ್ತು. ಯಜಮಾನ ಬದಲಾದರೂ ಮೀನಿನ ಮೈಯಲ್ಲಿ ಒಂದು ಹುರುಪೆಯೂ ಬದಲಾಗುವುದಿಲ್ಲ. ಅಂದರೆ ಹಕ್ಕು ಎಂಬುದು ಮನುಷ್ಯ ಮನುಷ್ಯರ ನಡುವೆ ಜಗಳ ತಪ್ಪಿಸಲು ಮಾಡಿಕೊಂಡ ಏರ್ಪಾಡು. ಅದು ಬೇಕಾದದ್ದೇ. ಆದರೆ ಮೀನಿಗೂ ಗಾಳಗಾರನಿಗೂ ನಡುವಿನ ಸಂಬಂಧದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ಸಂಬಂಧ ತಿಳಿಯಬೇಕಾದರೆ ಬೇರೆ ಕಡೆ ಹುಡುಕಬೇಕು.

ಹುಡುಕಿದರೆ ಸಿಗುವುದು ಸೋಮದೇವಸೂರಿಯ ಯಶಸ್ತಿಲಕ ಚಂಪೂ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ, ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಮಗನ ಆಳ್ವಿಕೆಯಲ್ಲಿ ಮುಗಿದ ಜೈನ ಕೃತಿ ಅದು. ಬೆಸ್ತನನ್ನೂ ರೈತನನ್ನೂ ಅಕ್ಕಪಕ್ಕ ನಿಲ್ಲಿಸಿ ಸೋಮದೇವ ಒಂದು ತೀರ್ಪು ಕೊಡುತ್ತಾನೆ: ಕೊಲ್ಲದಿದ್ದರೂ ಬೆಸ್ತ ಪಾಪಿಯಾಗಬಹುದು, ಉಳುವಾಗ ಎಷ್ಟೋ ಜೀವಿಗಳನ್ನು ಕೊಂದರೂ ರೈತನಿಗೆ ಪಾಪ ಅಂಟದಿರಬಹುದು, ಲೆಕ್ಕಕ್ಕೆ ಬರುವುದು ಮನಸ್ಸು ಎತ್ತ ನೆಟ್ಟಿತ್ತು ಎಂಬುದು. ಬರಿಗೈಯಲ್ಲಿ ಮನೆಗೆ ಬಂದವನ ಹೊಣೆಯೂ ಪೂರ್ತಿ ಉಳಿದಿದೆ ಎಂದಾಯಿತು. ಮೀನು ತಪ್ಪಿಸಿಕೊಂಡದ್ದು ಮೀನಿನ ಸಾಮರ್ಥ್ಯ, ಅದರಿಂದ ಹಿಡಿಯಹೊರಟವನಿಗೆ ಪುಣ್ಯ ಬರುವುದಿಲ್ಲ. ಇದೇ ಕೃತಿಯ ಮೃಗಸೇನನ ಕತೆ ಈ ನಾಣ್ಯದ ಇನ್ನೊಂದು ಮುಖ. ಮೊದಲು ಸಿಕ್ಕ ಮೀನನ್ನು ಬಿಟ್ಟುಬಿಡುತ್ತೇನೆಂದು ಆ ಬೆಸ್ತ ಮುನಿಯ ಮುಂದೆ ವ್ರತ ತೊಡುತ್ತಾನೆ. ಸಿಕ್ಕ ಮೀನಿಗೆ ಬಟ್ಟೆಯ ಚೂರು ಕಟ್ಟಿ ಬಿಡುತ್ತಾನೆ. ಬಲೆ ಬೀಸಿದಾಗಲೆಲ್ಲ ಗುರುತಿನ ಅದೇ ಮೀನು ಬರುತ್ತದೆ, ಐದು ಸಲವೂ ಬಿಡುತ್ತಾನೆ. ಬರಿಗೈಯಲ್ಲಿ ಹೋದವನಿಗೆ ಹೆಂಡತಿ ಬಾಗಿಲು ತೆರೆಯುವುದಿಲ್ಲ, ಹಾವು ಕಚ್ಚಿ ಸಾಯುತ್ತಾನೆ. ಬಿಟ್ಟ ಪುಣ್ಯ ಮರುಜನ್ಮದಲ್ಲಿ ಅವನನ್ನು ಅಷ್ಟೇ ಸಲ ಸಾವಿನಿಂದ ಕಾಯುತ್ತದೆ. ಮರುಜನ್ಮವನ್ನು ನಂಬದವರೂ ಇಲ್ಲಿನ ತರ್ಕವನ್ನು ಒಪ್ಪಬಹುದು. ಮೃಗಸೇನನೂ ಮೀನು ಕಳಚಿಕೊಂಡ ಗಾಳಗಾರನೂ ಮನೆಗೆ ಒಯ್ದದ್ದು ಒಂದೇ, ಬರಿಗೈ. ಇಬ್ಬರ ನಡುವಿನ ಅಂತರವೆಲ್ಲ ಇರುವುದು ಒಬ್ಬನು ಬಿಟ್ಟ, ಇನ್ನೊಬ್ಬನಿಂದ ಬಿಟ್ಟುಹೋಯಿತು ಎಂಬುದರಲ್ಲಿ.

ಇದಕ್ಕೆ ಏಳುವ ಮೊದಲ ಆಕ್ಷೇಪ ನ್ಯಾಯವಾದದ್ದು. ಹೊಟ್ಟೆ ತುಂಬಿದವರ ಧರ್ಮ ಇದು, ಮೀನು ಮಾರಿಯೇ ಒಲೆ ಹೊತ್ತಿಸುವವನನ್ನು ಪಾಪಿ ಎನ್ನುವುದು ಯಾವ ನ್ಯಾಯ? ಸೋಮದೇವನ ತಕ್ಕಡಿ ರೈತನ ಕಡೆ ವಾಲಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಮಾಂಸದಂಗಡಿಯ ಧರ್ಮವ್ಯಾಧ ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ನೇಗಿಲು ಕೊಲ್ಲುವ ಜೀವಗಳನ್ನು ಅವನು ಕೌಶಿಕನೆಂಬ ಬ್ರಾಹ್ಮಣನಿಗೆ ಎಣಿಸಿ ತೋರಿಸುತ್ತಾನೆ. ಹಿಂಸೆ ಪೂರ್ತಿ ತಪ್ಪಿದ ಬದುಕು ಯಾರಿಗೂ ಇಲ್ಲ ಎನ್ನುತ್ತಾನೆ. ಹನ್ನೆರಡನೆಯ ಶತಮಾನದ ಶರಣರಂತೂ ದೋಣಿ ನಡೆಸುವ ಅಂಬಿಗರ ಚೌಡಯ್ಯನನ್ನು ತಮ್ಮ ಸಾಲಿನಲ್ಲಿ ನಿಲ್ಲಿಸಿಕೊಂಡು, ಕಾಯಕಕ್ಕೆ ಮೇಲುಕೀಳಿಲ್ಲ ಎಂದು ಬಾಳಿ ತೋರಿಸಿದರು. ಆದ್ದರಿಂದ ಹೊಣೆಯನ್ನು ಪಾಪದ ಜೊತೆ ಸಮೀಕರಿಸುವುದು ಬೇಡ. ಜೀವನೋಪಾಯದ ಮೀನುಗಾರನಿಗೆ ತಪ್ಪಿದ ಮೀನು ಎಂದರೆ ಆ ಸಂಜೆಯ ಖರ್ಚು; ಅವನ ದುಃಖ ಸಾಚಾ, ಅದನ್ನು ತತ್ವ ಹೇಳಿ ಕರಗಿಸಲು ಹೋಗುವುದು ಕ್ರೌರ್ಯ. ಹೊಣೆ ಅವನಿಗೂ ಇದೆ, ಆದರೆ ಅವನು ಅದನ್ನು ಸಾಮಾನ್ಯವಾಗಿ ನಿಭಾಯಿಸುತ್ತಲೇ ಬಂದಿರುತ್ತಾನೆ. ಬಲೆ ಹರಿದರೆ ನಷ್ಟ ತನ್ನದೇ ಆದ್ದರಿಂದ ಪ್ರತಿ ಎಳೆಯನ್ನೂ ನೋಡಿಕೊಂಡೇ ನೀರಿಗಿಳಿಯುತ್ತಾನೆ. ನನ್ನ ಮಾತು ತಾಗಬೇಕಾದದ್ದು ಮೋಜಿಗೆ ಗಾಳ ಹಿಡಿದವನಿಗೆ. ಅವನಿಗೆ ಮೀನು ಬೇಕಾದದ್ದು ಊಟಕ್ಕಲ್ಲ, ಗೆದ್ದೆ ಎನಿಸಿಕೊಳ್ಳಲು; ಹಾಗಿದ್ದಮೇಲೆ ಅವನ ಹೊಣೆಯ ತೂಕ ಕಡಿಮೆಯಾಗುವುದಿಲ್ಲ, ಏರುತ್ತದೆ.

ಎರಡನೆಯ ಆಕ್ಷೇಪ ಮೋಜಿನವರದೇ. ಮೀನು ಹೋಯಿತು, ಬದುಕಿತು, ಇನ್ನೆಲ್ಲಿಯ ಹೊಣೆ ಎಂದು ಅವರು ಕೇಳುತ್ತಾರೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಲ್ಲಿ ಮಹಸೀರ್ ಹಿಡಿದು ಬಿಡುವ ರೂಢಿ ವರ್ಷಗಟ್ಟಲೆ ನಡೆದದ್ದು ಇದೇ ನಂಬಿಕೆಯ ಮೇಲೆ. ಆದರೆ ದಾರ ಹರಿದುಕೊಂಡು ಹೋದ ಮೀನಿಗೂ ಕೈಯಾರೆ ಬಿಟ್ಟ ಮೀನಿಗೂ ಒಂದು ವ್ಯತ್ಯಾಸವಿದೆ: ಬಿಟ್ಟ ಮೀನಿನ ಬಾಯಿಂದ ಗಾಳವನ್ನು ತೆಗೆದಿರುತ್ತಾರೆ. ದಾರ ಹರಿದು ಹೋದ ಮೀನು ಗಾಳವನ್ನು ದವಡೆಯಲ್ಲೋ ಗಂಟಲಲ್ಲೋ ಹೊತ್ತು, ಮಾರುಗಟ್ಟಲೆ ನೈಲಾನನ್ನು ಎಳೆದುಕೊಂಡು ಹೋಗುತ್ತದೆ. ಮೀನಿಗೆ ನೋವಾಗುತ್ತದೆಯೇ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆಯಿದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರಗಳಿರುವುದನ್ನು ತೋರಿಸಿದರು. ಅದನ್ನು ನೋವೆಂದು ಅನುಭವಿಸುವ ಮೆದುಳಿನ ಭಾಗ ಮೀನಿಗಿಲ್ಲ ಎಂದು ಅಮೆರಿಕದ ಜೇಮ್ಸ್ ರೋಸ್ ವಾದಿಸಿದ್ದರು. ಈ ಚರ್ಚೆ ಎತ್ತ ತೀರ್ಮಾನವಾದರೂ ಬಾಯಿಗೆ ಸಿಕ್ಕಿದ ಗಾಳದಿಂದ ತಿನ್ನಲು ತೊಡಕಾಗುವುದು, ಎಳೆದಾಟದಿಂದ ಮೈ ದಣಿಯುವುದು ಸುಳ್ಳಾಗುವುದಿಲ್ಲ. ಹಿಡಕಲ್ಲಿನ ಬಳಿ ಹರಿದ ದಾರ ನೀರಿನ ಜೊತೆ ಕೆಳಗೆ ಹೋದರೆ ಮುಂದೆ ಸಿಗುವುದು ಧೂಪದಾಳದ ಹಿನ್ನೀರು, ಅಂದರೆ 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ. ನೀರಹಕ್ಕಿಯ ಕಾಲಿಗೆ ಸುತ್ತಿದ ನೈಲಾನ್ ಎಳೆ ಯಾರ ಕೈಯಿಂದ ಹೊರಟಿತ್ತು ಎಂದು ಯಾವ ನ್ಯಾಯಾಲಯವೂ ಕೇಳುವುದಿಲ್ಲ. ಕೇಳುವವರಿಲ್ಲ ಎಂಬುದು ಹೊಣೆಯಿಲ್ಲ ಎಂಬುದಕ್ಕೆ ಪುರಾವೆಯಾಗುವುದಿಲ್ಲ.

ಉಳಿದದ್ದು ಗೀತೆಯ ಹೆಸರಲ್ಲಿ ಬರುವ ಆಕ್ಷೇಪ. ಕರ್ಮದಲ್ಲಷ್ಟೇ ಅಧಿಕಾರ, ಫಲದಲ್ಲಿಲ್ಲ ಎಂದ ಮೇಲೆ ಮೀನು ಬಂದರೇನು, ಹೋದರೇನು ಎನ್ನುವವರಿದ್ದಾರೆ. ಫಲದ ಹಂಬಲ ಬಿಡು ಎನ್ನುವ ಅದೇ ಎರಡನೆಯ ಅಧ್ಯಾಯ ಕರ್ಮದಲ್ಲಿ ಕುಶಲತೆಯನ್ನೇ ಯೋಗ ಎಂದು ಕರೆಯುತ್ತದೆ. ಎರಡನ್ನೂ ಸೇರಿಸಿ ಓದಿದರೆ ಫಲದ ಬಗ್ಗೆ ನಿರ್ಲಿಪ್ತನಾದವನು ಕೆಲಸದ ಬಗ್ಗೆ ಇನ್ನಷ್ಟು ಎಚ್ಚರವಾಗಿರಬೇಕಾಗುತ್ತದೆ, ಏಕೆಂದರೆ ಅವನ ಪಾಲಿಗೆ ಉಳಿದಿರುವುದು ಕೆಲಸವೊಂದೇ. ಹಾಗಾದರೆ ದೊಡ್ಡ ಮೀನು ಕಳೆದುಕೊಂಡವನು ದುಃಖಪಡಲೇಬಾರದೇ? ಪಡಲಿ, ಆದರೆ ದುಃಖಕ್ಕೆ ಸರಿಯಾದ ಗುರಿ ಸಿಗಲಿ. ಅದು ಎಷ್ಟು ದೊಡ್ಡದಿತ್ತು ಎಂದು ಕೈಯಗಲಿಸಿ ತೋರಿಸುವಾಗ ಅವನು ತನ್ನದಲ್ಲದ ಸ್ವತ್ತನ್ನು ಅಳೆಯುತ್ತಿರುತ್ತಾನೆ, ಹೇಳಿದಷ್ಟು ಸಲವೂ ಅಳತೆ ಬೆಳೆಯುವುದಕ್ಕೆ ಅದೇ ಕಾರಣ. ಇಲ್ಲದ ಸ್ವತ್ತಿಗೆ ಮಿತಿಯಿರುವುದಿಲ್ಲ. ದಾರ ಎಲ್ಲಿ ಹರಿಯಿತು, ಗಾಳ ಹಿಂದಿರುಗಿತೋ ಮೀನಿನ ಜೊತೆ ಹೋಯಿತೋ ಎಂದು ಕೇಳಿಕೊಂಡರೆ ಉತ್ತರ ಖಚಿತವಾಗಿ ಸಿಗುತ್ತದೆ, ಮುಂದಿನ ಸಲ ಮಾಡಬೇಕಾದದ್ದೂ ತಿಳಿಯುತ್ತದೆ: ಮುಳ್ಳಿಲ್ಲದ ಗಾಳ, ಮೀನಿನ ಗಾತ್ರಕ್ಕೆ ತಕ್ಕ ದಾರ, ಎತ್ತುವ ಬದಲು ನೀರಿನಲ್ಲೇ ಆತುಕೊಳ್ಳುವ ಕೈಬಲೆ. ಅಷ್ಟಕ್ಕೂ ಮನಸ್ಸಿಲ್ಲದವನಿಗೆ ಮೀನು ತಪ್ಪಿತೆಂದು ಕೊರಗಲು ಕಾರಣವೇ ಇಲ್ಲ, ಅದು ದಡ ಸೇರಿದ್ದರೂ ಅವನು ಅದಕ್ಕೆ ಅರ್ಹನಾಗಿರುತ್ತಿರಲಿಲ್ಲ.